ಫಕೀರೇಶನು ಕೊಂಡ ಮಳೆಯಂಗಿ

ಮಾತಿನಲ್ಲಿ ಮೃದು, ದುಡಿಮೆಯಲ್ಲಿ ನಿಷ್ಠ, ಗಾಳಕ್ಕೆ ಸಿಕ್ಕ ಮರಿಮೀನನ್ನು ಮರಳಿ ನೀರಿಗೆ ಬಿಡುವ ಕರುಣಾಳು. ಸುಂಕದಕಟ್ಟೆಯಲ್ಲಿ ಮನೆಮನೆಗೆ ಊಟ ತಲುಪಿಸುವ ಫಕೀರೇಶನು ಇಂಥವನು. ಭಾನುವಾರ ಕೆಂಗೇರಿಯಾಚೆಯ ಕೆರೆಯಲ್ಲಿ ಗಾಳ ಹಾಕುವುದೇ ಅವನ ವಿನೋದ. ಆಷಾಢದ ಒಂದು ಮಳೆಯಲ್ಲಿ, ಬೇರೆಯದಕ್ಕೆ ಖರ್ಚೇಕೆಂದು ಬೈಕಿನ ರೇನ್‌ಕೋಟನ್ನೇ ತೊಟ್ಟು, ಬೂಟಿಗೆ ನೀರಿಳಿಯದಂತೆ ಅದರ ಪ್ಯಾಂಟಿನ ತುದಿಗಳಿಗೆ ರಬ್ಬರ್ ಬ್ಯಾಂಡ್ ಬಿಗಿದು ಏರಿಯ ಮೇಲೆ ನಿಂತನು.

ಕಾಲು ಜಾರಿ ಎದೆಮಟ್ಟದ ನೀರಿಗೆ ಬಿದ್ದನು. ಸೊಂಟದಿಂದ ನುಗ್ಗಿದ ನೀರಿಗೆ ಕೆಳಗೆ ಹೊರಹೋಗಲು ದಾರಿಯಿರಲಿಲ್ಲ. ಹತ್ತಲು ಹೊರಟಷ್ಟೂ ತುಂಬಿದ ಪ್ಯಾಂಟು ಹಿಂದಕ್ಕೆಳೆಯಿತು, ಪಾದ ಕೆಸರಿಗಿಳಿಯಿತು. ಬಸುರಿ ಮಡದಿ ಭಾಗವ್ವನ ಮುಖ ಕಣ್ಣಿಗೆ ಕಟ್ಟಿತು.

ಏರಿಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಮುದುಕಿ ಅಕ್ಕಯ್ಯಮ್ಮ ದಡದಲ್ಲಿ ಬಿದ್ದಿದ್ದ ಅವನ ಗಾಳದ ಕೋಲನ್ನೇ ಚಾಚಿದಳು.

“ಇದನ್ನ ಹಿಡ್ಕೊಂಡು ಬಗ್ಗಪ್ಪ, ಕಾಲಿನ ರಬ್ಬರ್ ಕಿತ್ತಾಕು. ಕೆರೇನೇ ಹೊತ್ಕೊಂಡು ಬರ್ತೀಯಾ?”

“ಬಗ್ಗಿದ್ರ ಮುಳುಗ್ತೇನಬೇ.”

“ನಿಂತ್ರೂ ಮುಳುಗ್ತೀಯ.”

ಕಣ್ಣು ಮುಚ್ಚಿ ತಲೆಯದ್ದಿ, ತಡಕಾಡಿ ಎರಡನ್ನೂ ಕಿತ್ತನು. ಹತ್ತುತ್ತಿದ್ದಂತೆ ನೀರು ಸುರಿದುಹೋಗಿ ಕಾಲು ಹಗುರಾಯಿತು.

ಮರುವಾರ ಚಂದ್ರಾ ಲೇಔಟಿನ ಅಂಗಡಿಯಲ್ಲಿ, ಗಾಳ ಹಾಕುವಾಗ ತೊಡಲೆಂದು, ಸೊಂಟದವರೆಗಿನ ಅಗ್ಗದ ಮಳೆಜಾಕೆಟ್ಟೊಂದನ್ನೇ ಆರಿಸಿದನು, ಪ್ಯಾಂಟನ್ನು ಮುಟ್ಟಲಿಲ್ಲ. ಭಗವಂತನು ಅವನನ್ನೂ ಭಾಗವ್ವನನ್ನೂ ಹುಟ್ಟಲಿರುವ ಕೂಸನ್ನೂ ಕಾಪಾಡಲಿ. ಆ ಮನೆಯ ದೀಪ ನಂದದಿರಲಿ.