ಅಜ್ಜಿಬಂಡೆಗೆ ಬಲಗಡೆ ಜಾಗ ಕೊಟ್ಟವರು

ಹೊಳೆಗೆ ಮೊಣಕಾಲಿಗಿಂತ ಆಳಕ್ಕೆ ಇಳಿದವರೇ ಅಲ್ಲ, ಆದರೂ ಅವರು ಹೊಳೆ ಪಂಡಿತರು. ಬಿರುದು ಕೊಟ್ಟವರೂ ಅವರೇ, ತಗೊಂಡವರೂ ಅವರೇ. ಮೂವತ್ತು ವರ್ಷ ಕಚೇರಿಯಲ್ಲಿ ಕಡತ ಕಟ್ಟಿ ನಿವೃತ್ತರಾದ ಮೇಲೆ ಕೈ ಸುಮ್ಮನಿರಲಿಲ್ಲ. ದೋಣಿಯವರ ಹಾಡುಗಳನ್ನು ಹಿಡಿದು ಕಟ್ಟತೊಡಗಿದರು. ಕಟ್ಟುವಾಗ ತಿದ್ದದೆ ಇರುವ ಜಾಯಮಾನ ಅವರದಲ್ಲ.

ಹೊಳೆ ನಡುವಿನ ಬಂಡೆಯೊಂದರ ಬಗ್ಗೆ ದೋಣಿ ನಡೆಸುವವಳ ಹಾಡೊಂದಿತ್ತು. "ಅಜ್ಜಿಬಂಡೆ ಎಡಗಡೆಗಿರಲಿ, ಅಪ್ಪನ ದೋಣಿ ದಡಕೆ ಬರಲಿ." ಪಂಡಿತರು ಮುಖ ಸಿಂಡರಿಸಿದರು. ಹಿರಿಯರನ್ನು ಎಡಕ್ಕೆ ಕೂರಿಸುವುದೆ? ಕೆಂಪು ಶಾಯಿಯಲ್ಲಿ ಅಜ್ಜಿಯನ್ನು ಬಲಕ್ಕೆ ಸಾಗಹಾಕಿದರು.

"ಪಂಡಿತ್ರೇ, ಅದು ಮರ್ಯಾದೆ ಮಾತಲ್ಲ, ದಾರಿ," ಎಂದಳು ಅವಳು.

"ನಿನಗೆ ಹಾಡೋಕೆ ಗೊತ್ತಮ್ಮ, ಅರ್ಥ ನಮಗೆ ಬಿಡು."

ಆಚೆ ದಡದಲ್ಲಿ ನದಿ ಸಂಗ್ರಹಾಲಯ ಎದ್ದಿತು. ಅದರ ಅಧ್ಯಕ್ಷರಾಗಬೇಕೆಂಬ ಆಸೆ ಪಂಡಿತರ ಊಟ, ನಿದ್ದೆ ಎರಡನ್ನೂ ತಿಂದುಹಾಕಿತ್ತು. ಅಧ್ಯಕ್ಷರನ್ನು ಆರಿಸಬೇಕಾದ ಇಲಾಖೆಯ ಮೇಡಂ ಕಟ್ಟಡ ನೋಡಲು ಬಂದರು. ದೋಣಿಯಲ್ಲೇ ದಾಟಬೇಕು, ತಿದ್ದಿದ ಹಾಡಿನಂತೆಯೇ ಸಾಗಬೇಕು ಎಂದು ಪಂಡಿತರ ಹಟ.

"ಬೇಕಾದ್ರೆ ಹಾಡ್ತೀನಿ, ಹಂಗೆ ನಡೆಸಲ್ಲ," ಎಂದು ಅವಳು ದೋಣಿ ತಳ್ಳುವ ಬಿದಿರ ಗಳು ಕೆಳಗಿಟ್ಟಳು.

ದಡದಲ್ಲಿದ್ದ ಹೆಂಡತಿ ಕೂಗಿದರು: "ರೀ, ನಿಮಗೆ ಮನೆ ಬಾಗಿಲ ಚಿಲಕವೇ ಸರಿಯಾಗಿ ಹಾಕೋಕೆ ಬರಲ್ಲ!"

ಪಂಡಿತರು ಕೇಳಿಸದವರಂತೆ ಗಳು ಎತ್ತಿಕೊಂಡರು, ತಿದ್ದಿದ ಹಾಡನ್ನು ಹಾಡುತ್ತ ಅವಳು ದೋಣಿಯ ತುದಿಯಲ್ಲಿ ಕೂತಳು. ಅಜ್ಜಿಬಂಡೆಯನ್ನು ಗೌರವದಿಂದ ಬಲಕ್ಕೆ ಬಿಟ್ಟು, ದೋಣಿಯನ್ನು ಮರಳುದಿಬ್ಬದ ಮೇಲೆ ಭರ್ರನೆ ಹತ್ತಿಸಿದರು. ಅದು ಎಮ್ಮೆಯಂತೆ ಕೂತುಬಿಟ್ಟಿತು.

"ಈ ಹಾಡು ಯಾರದು?" ಮೇಡಂ ಕೇಳಿದರು.

"ನಮ್ಮಜ್ಜೀದು ಮೇಡಂ. ಬಲಗಡೆ ಅನ್ನೋದೊಂದು ಮಾತ್ರ ಇವರದ್ದು."

ಮೇಡಂ ಪ್ಯಾಂಟು ಮಡಚಿ ನೀರಿಗಿಳಿದರು. ಅವಳೂ ಇಳಿದು ದೋಣಿಗೆ ಹೆಗಲು ಕೊಟ್ಟಳು. ಪಂಡಿತರು ಮಾತ್ರ ಕೂತೇ ಇದ್ದರು, ಹೊಸ ಬೂಟು.

"ಇಳೀರಿ ಸ್ವಾಮಿ, ಭಾರ ಜಾಸ್ತಿ," ಎಂದಳು ದೋಣಿಯವಳು.

"ಅಧ್ಯಕ್ಷನಾಗೋನು ನಾನು!"

"ಅದಕ್ಕೇ ಭಾರ," ಎಂದು ಮೇಡಂ ತಿರುಗಿ ನೋಡದೆ ಆಚೆ ದಡಕ್ಕೆ ನಡೆದರು.

ಆದೇಶ ಬಂದಾಗ ಅಧ್ಯಕ್ಷರ ಜಾಗದಲ್ಲಿ ಬೇರೆ ಯಾರದೋ ಹೆಸರಿತ್ತು. ಪಂಡಿತರು ಆ ರಾತ್ರಿ ಗಡದ್ದಾಗಿ ಉಂಡರು, ತಪ್ಪು ತಮ್ಮದೆಂಬ ಶಂಕೆ ಅವರ ಹೊಟ್ಟೆಯ ಹತ್ತಿರವೂ ಸುಳಿಯಲಿಲ್ಲ. ಬೆಳಗ್ಗೆ ಎದ್ದವರೇ ಇಲಾಖೆಗೆ ಮೂರು ಪುಟದ ಅರ್ಜಿ ಬರೆದರು: ಹಾಡಿನ ಪರಿಷ್ಕೃತ ಪಾಠಕ್ಕೆ ಅಡ್ಡಬರುತ್ತಿರುವ ಸದರಿ ಮರಳುದಿಬ್ಬವನ್ನು ಕೂಡಲೇ ಬಂಡೆಯ ಇನ್ನೊಂದು ಬದಿಗೆ ಸ್ಥಳಾಂತರಿಸತಕ್ಕದ್ದು.