ಗಾಜಿಗೆ ಕುಂಕುಮ ಬೇಡ

ವಿಭೂತಿ, ಕರ್ಪೂರದ ವಾಸನೆ ಬಂದರೆ ಬೇರೆಯವರಿಗೆ ದೇವರು ನೆನಪಾಗುತ್ತಾನೆ, ನನಗೆ ನಮ್ಮ ವಿಜ್ಞಾನದ ಮೇಡಂ. ಈ ಸಲದ ಆಯುಧಪೂಜೆಗೂ ಹಾಗೇ ಆಯಿತು. ನಾನು ಕೆಲಸ ಮಾಡುವುದು ಬೆಂಗಳೂರಿನ ಒಂದು ಸೂಕ್ಷ್ಮದರ್ಶಕ ಕೇಂದ್ರದಲ್ಲಿ. ಯಂತ್ರಗಳು ಯಾರೊಬ್ಬರ ಸ್ವತ್ತೂ ಅಲ್ಲ. ಬೇರೆ ಬೇರೆ ಪ್ರಯೋಗಾಲಯದವರು ಸರದಿಯ ಮೇಲೆ ಬಂದು ಬಳಸುತ್ತಾರೆ. ಮಾತು ಬಾರದ, ತಮ್ಮ ಪಾಡಿಗೆ ತಾವಿರುವ ಮಕ್ಕಳ ಮೆದುಳು ಬೆಳೆಯುವಾಗ ಏನು ವ್ಯತ್ಯಾಸವಾಗುತ್ತದೆ ಎಂದು ಹುಡುಕುವವರೇ ಹೆಚ್ಚು. ಹೊಸದಾಗಿ ಸೇರಿದವಳೊಬ್ಬಳು ಬೆರಳಿಗೆ ಕುಂಕುಮ ಮೆತ್ತಿಕೊಂಡು ನೇರ ಮಸೂರಕ್ಕೇ ಹೊರಟಿದ್ದಳು. ಕೈ ಅಡ್ಡ ಹಿಡಿದು, ಇಲ್ಲಿಗೆ ಹಚ್ಚು ಎಂದು ಮೇಜಿನ ಕಾಲು ತೋರಿಸಿದೆ.

ಹೀಗೆ ಕೈ ಅಡ್ಡ ಹಿಡಿಯುವುದನ್ನು ಕಲಿತದ್ದು ನಮ್ಮೂರು ಹೊಳವನಹಳ್ಳಿಯ ಶಾಲೆಯಲ್ಲಿ, ಮೇಡಂ ಹತ್ತಿರ. ಅವರು ಆಂಧ್ರದ ಗಡಿಗೆ ಅಂಟಿಕೊಂಡ ಪಾವಗಡದ ಕಡೆಯವರು; ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. ನಮ್ಮ ಶಾಲೆಯ ಒಂದೇ ಒಂದು ಸೂಕ್ಷ್ಮದರ್ಶಕ ವರ್ಷವಿಡೀ ಬೀರುವಿನಲ್ಲಿರುತ್ತಿತ್ತು, ಹೊರಗೆ ಬರುತ್ತಿದ್ದದ್ದು ಆಯುಧಪೂಜೆಗೆ ಮಾತ್ರ. ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಅದೂ ಸರಿಯಾಗಿ ಗಾಜಿನ ಮೇಲೆ. ಮಂಗಳಾರತಿ ಮುಗಿದರೆ ಮತ್ತೆ ಬೀಗ. ಮೇಡಂ ಬಂದ ವರ್ಷ ಬೀರುವಿಗೆ ಕೈ ಅಡ್ಡ ಹಿಡಿದು, ಅದನ್ನು ಒಳಗಿಡಲು ಬಿಡಲೇ ಇಲ್ಲ. ಒಡೆದರೆ ಯಾರು ಜವಾಬ್ದಾರಿ ಎಂದು ಹೆಡ್ಮಾಸ್ಟರು ಕೂಗಾಡಿದರು. ಮೇಡಂ ಹತ್ತಿಯಲ್ಲಿ ಗಾಜು ಒರೆಸುತ್ತಲೇ, ನಾನೇ ಎಂದರು. ಆಮೇಲೆ ಅದು ನಮ್ಮ ಶಾಲೆಯೊಂದರದ್ದೇ ಆಗಿಯೂ ಉಳಿಯಲಿಲ್ಲ. ಸೂಕ್ಷ್ಮದರ್ಶಕವನ್ನೇ ಕಾಣದ ಅಕ್ಕಪಕ್ಕದ ಶಾಲೆಗಳಿಗೆ ಬಸ್ಸಿನಲ್ಲಿ, ತೊಡೆಯ ಮೇಲೆ ಕೂರಿಸಿಕೊಂಡು ಒಯ್ಯುತ್ತಿದ್ದರು. ಮಗೂಗೂ ಟಿಕೆಟ್ ತಗೊಳ್ಳಿ ಎಂದು ಕಂಡಕ್ಟರು ರೇಗಿಸುತ್ತಿದ್ದರು...

ನನ್ನ ತಮ್ಮ ಆಗ ಚಿಕ್ಕವನು. ಮಾತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ; ಬಾಗಿಲು ತೆಗೆಯುತ್ತಾ ಮುಚ್ಚುತ್ತಾ ಹೊತ್ತು ಕಳೆಯುತ್ತಿದ್ದ. ಬಸುರಿಯಾಗಿದ್ದಾಗ ಗ್ರಹಣ ನೋಡಿದಳು, ಅದಕ್ಕೇ ಹೀಗೆ ಎಂದು ಮನೆಮಂದಿಯೆಲ್ಲ ಅಮ್ಮನ ತಲೆಗೆ ಕಟ್ಟಿದ್ದರು. ನೆಂಟರ ಸೀಮಂತಕ್ಕೂ ಅವಳನ್ನು ಕರೆಯುತ್ತಿರಲಿಲ್ಲ. ಕೊನೆಗೆ ಅಮ್ಮನೂ ಅದನ್ನು ನಂಬಿಬಿಟ್ಟಳು. ನನಗೆ ಎಲ್ಲಕ್ಕಿಂತ ಸಂಕಟವಾಗುತ್ತಿದ್ದದ್ದು ಅದಕ್ಕೆ.

ನನ್ನಿಂದ ಇದನ್ನು ತಿಳಿದ ಮೇಡಂ ಒಂದು ದಿನ ಅಮ್ಮನನ್ನು ಶಾಲೆಗೆ ಕರೆಸಿ, ಈರುಳ್ಳಿಯ ತೆಳು ಪೊರೆಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳಿದರು. ಇಟ್ಟಿಗೆ ಗೋಡೆ ಇದ್ದಂಗೈತೆ ಎಂದಳು ಅಮ್ಮ. ನಮ್ಮ ಮೈಯೂ, ಮೆದುಳೂ ಇಂಥ ಸಣ್ಣ ಸಣ್ಣ ಕೋಶಗಳಿಂದಲೇ ಆದದ್ದು ಎಂದರು ಮೇಡಂ. ಅಮ್ಮ ಕಣ್ಣು ತೆಗೆಯದೆಯೇ ಕೇಳಿದಳು: "ಅಂಗಾರೆ ನನ್ ಮಗ ಯಾಕಿಂಗೆ ಅಂತ ಇದ್ರಾಗೆ ಕಾಣ್ತದಾ ಮೇಡಂ?"

"ಕಾಣಲ್ಲಮ್ಮ. ಯಾಕಿಂಗೆ ಅಂತ ನಂಗೆ ಗೊತ್ತಿಲ್ಲ. ಗ್ರಹಣ ಅಂತಾರಲ್ಲ, ಅವ್ರಿಗೂ ಗೊತ್ತಿಲ್ಲ ಕಣಮ್ಮ. ಗೊತ್ತಿಲ್ದೋರ ಮಾತ್ಗೆ ನೀವ್ಯಾಕ್ ತಲೆ ತಗ್ಗಿಸ್ತೀರಿ?"

ಅಮ್ಮ ಅಲ್ಲೇ ಅತ್ತಳು. ಅದಾದ ಮೇಲೆ ಬಂದ ಚಿಕ್ಕಮ್ಮನ ಸೀಮಂತಕ್ಕೆ, ಯಾರೂ ಕರೆಯದಿದ್ದರೂ, ತಮ್ಮನ ಕೈ ಹಿಡಿದುಕೊಂಡು ಹೋಗಿ ಎಲ್ಲರ ಮುಂದೆ ಕೂತಳು. ನಮ್ಮಜ್ಜಿ ಗ್ರಹಣದ ಮಾತೆತ್ತಿದರು. ನಿಮ್ಗೆಂಗ್ ಗೊತ್ತು ಅತ್ತೆ ಎಂದು ಅಮ್ಮ ಕೇಳಿದಳು. ಅಜ್ಜಿ ಎಲೆಯಡಿಕೆ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮೇಡಂಗೆ ಗೌಡಗೆರೆ ಕಡೆ ವರ್ಗವಾಯಿತು, ಆಮೇಲೆ ಇನ್ನೆಲ್ಲಿಗೋ... ಈ ಕೆಲಸ ಸಿಕ್ಕ ಸುದ್ದಿ ಹೇಳೋಣವೆಂದು ಹುಡುಕಿದಾಗ ಅವರು ತೀರಿಕೊಂಡು ಬಹಳ ದಿನವಾಗಿತ್ತು. ಆ ಕೊರಗು ಹೋಗಿಲ್ಲ.

ಪೂಜೆಯ ಮಾರನೆಯ ದಿನ ಊರಿಗೆ ಹೋದೆ. ಅಮ್ಮ ತಮ್ಮನಿಗೆ ಅನ್ನ ಕಲಸುತ್ತಿದ್ದಳು. ಮಸೂರಕ್ಕೆ ಕುಂಕುಮ ಹಚ್ಚಲು ಹೊರಟವಳ ಕತೆ ಹೇಳಿದೆ. ಅಷ್ಟು ದೊಡ್ಡ ಯಂತ್ರಗಳಿವೆಯಲ್ಲ, ಈಗಲಾದರೂ ಕಾಣುತ್ತದಾ ಎಂದಳು. ಸ್ವಲ್ಪ ಸ್ವಲ್ಪ ಕಾಣುತ್ತಿದೆ, ಆದರೆ ಇವನು ಯಾಕೆ ಹೀಗೆ ಎಂದು ಇನ್ನೂ ಗೊತ್ತಿಲ್ಲ ಎಂದೆ. ಮೇಡಂ ಇದ್ದಿದ್ದರೆ ಅವರಿಗೂ ಇದನ್ನೇ ಹೇಳಬೇಕಿತ್ತು.

ಅಮ್ಮ ತಲೆ ತಗ್ಗಿಸಲಿಲ್ಲ. "ಗೊತ್ತಾಗೋ ಗಂಟ ನೀವೆಲ್ಲ ನೋಡ್ರಿ," ಎಂದಳು. "ಆ ಗಾಜಿಗೆ ಮಾತ್ರ ಯಾರ್ನೂ ಕುಂಕುಮ ಇಕ್ಕಕ್ ಬುಡಬ್ಯಾಡ."