‘ಮುಂದುವರಿಯುವುದು’ ಎಂಬ ಹೆದರಿಕೆ

ಕಾದಂಬರಿ ಕೈಗೆ ಬಂದರೆ ನಾನು ಮೊದಲು ತೆಗೆಯುವುದು ಅದರ ಕೊನೆಯ ಪುಟವನ್ನು. ಹೀಗೆಂದು ಹೇಳಿದರೆ ಓದುವ ಚಟವಿರುವ ಗೆಳತಿಯರೆಲ್ಲ, ಊಟದ ಎಲೆಯಲ್ಲಿ ಪಲ್ಯ ಕೋಸಂಬರಿ ಬಿಟ್ಟು ಪಾಯಸಕ್ಕೆ ಕೈ ಹಾಕಿದ ಮಗುವನ್ನು ನೋಡುವಂತೆ ನನ್ನನ್ನು ನೋಡುತ್ತಾರೆ. ನೋಡಲಿ ಬಿಡಿ. ಆದರೆ ನೀವೂ ಹಾಗೆ ನೋಡುವ ಮೊದಲು ಒಂದು ಮಾತು ಕೇಳಿ: ಇದು ಆತುರವಲ್ಲ, ಹೆದರಿಕೆ, ಅಪ್ಪಟ ಹೆದರಿಕೆ. ಕೊನೆಯ ಪುಟದಲ್ಲಿ ನಾಯಕಿ ಉಸಿರಾಡುತ್ತಿದ್ದಾಳೆ ಎಂದು ಕಣ್ಣಾರೆ ಕಂಡ ಮೇಲೇ ನನಗೆ ಮೊದಲ ಪುಟಕ್ಕೆ ಬರಲು ಧೈರ್ಯ.

ಎಪ್ಪತ್ತರ ದಶಕದ ಚನ್ನಗಿರಿಯಲ್ಲಿ ನಾನು ಪಿಯುಸಿ ಮುಗಿಸಿ ಮನೆಯಲ್ಲಿದ್ದ ಓದುಗುಳಿ ಹುಡುಗಿ. ಆಗಿನ ಕಾದಂಬರಿಗಳ ಬಗ್ಗೆ ನನ್ನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಕೇಳದಿದ್ದರೂ ಹೇಳುವುದು ನನ್ನ ಹುಟ್ಟುಗುಣ. ವಿಮರ್ಶಕರು ಮೆಚ್ಚಿಕೊಂಡ ಹೊಸ ಬಗೆಯ ಕಾದಂಬರಿಗಳಲ್ಲಿ ನಾಯಕನೆಂಬುವನು ಮಂಚದ ಮೇಲೆ ಅಂಗಾತ ಮಲಗಿ, ತೊಲೆ ನೋಡುತ್ತ, ಅಪ್ಪನನ್ನೂ ಊರನ್ನೂ ಕೊನೆಗೆ ತನ್ನನ್ನೂ ದ್ವೇಷಿಸುತ್ತ ಅಧ್ಯಾಯಗಟ್ಟಲೆ ಸಿಗರೇಟು ಸೇದುತ್ತಿದ್ದ. ಅವನಿಗೆ ಕಾಫಿ ತಂದಿಟ್ಟು ಹೋಗುವ ಹೆಂಗಸಿಗೆ ಎಷ್ಟೋ ಸಲ ಒಂದು ಹೆಸರು ಕೂಡ ಇರುತ್ತಿರಲಿಲ್ಲ. ವಾರಪತ್ರಿಕೆಯ ಕಾದಂಬರಿಗಳಲ್ಲಿ ಹೆಸರಿಗೇನೂ ಬರವಿರಲಿಲ್ಲ, ಅಲ್ಲಿ ನೀರಜೆಯರು, ನೀಲಿಮೆಯರು, ಅವರಿಗೊಂದು ವೀಣೆ, ಬಂಗಲೆಯ ಮುಂದೊಂದು ಕಾರು, ಮತ್ತು ಯಾರಾದರೊಬ್ಬರು ಬಾಯಿಬಿಟ್ಟು ಒಂದು ಮಾತು ಆಡಿದ್ದರೆ ಎರಡನೆಯ ಅಧ್ಯಾಯಕ್ಕೇ ಬಗೆಹರಿಯಬೇಕಿದ್ದ ಒಂದು ತಪ್ಪು ತಿಳಿವಳಿಕೆ. ಆ ಗಂಟು ಬಿಚ್ಚಲಾಗದೆ ಕಾದಂಬರಿಕಾರರು ಸುಸ್ತಾದಾಗ ಅವರ ನೆರವಿಗೆ ಬರುತ್ತಿದ್ದುದು ಹೆರಿಗೆ. ಕಥೆಯಲ್ಲಿ ಒಬ್ಬ ಹೆಂಗಸು ಹೆಚ್ಚಾದಳೆಂದರೆ ಸಾಕು, ಅವಳಿಗೆ ದಿನ ತುಂಬುತ್ತಿತ್ತು. ಆಸ್ಪತ್ರೆಯ ಬಾಗಿಲು ತೆರೆದು ಹೊರಬಂದ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರೋ, ಅವಳ ಕಥೆ ಮುಗಿಯಿತೆಂದೇ ಅರ್ಥ.

ಇದನ್ನೆಲ್ಲ ನಾನು ಬಿದ್ದು ಬಿದ್ದು ನಕ್ಕು ಹೇಳುತ್ತಿದ್ದ ಕಾಲವೊಂದಿತ್ತು. ಆ ನಗು ನಿಂತದ್ದು ಗಿರಿಜಕ್ಕ ತವರಿಗೆ ಬಂದ ದಿನ. ನಲ್ಲೂರಿಗೆ ಕೊಟ್ಟಿದ್ದ ನನ್ನ ಅಕ್ಕನಿಗೆ ಮೊದಲೆರಡು ಬಸಿರೂ ನಿಲ್ಲದೆ ಹೋಗಿದ್ದವು. ಎರಡನೆಯ ಸಲ ಅವಳು ಉಳಿದದ್ದೇ ಹೆಚ್ಚು ಎಂದು ಎಲ್ಲರೂ ಪಿಸುಗುಟ್ಟುತ್ತಿದ್ದರು. ಮೂರನೆಯದು ನಿಂತಾಗ ನಮ್ಮೂರ ಸರ್ಕಾರಿ ಆಸ್ಪತ್ರೆಯ ಲೇಡಿ ಡಾಕ್ಟರು, ಹೆರಿಗೆಯವರೆಗೂ ಮಂಚ ಬಿಟ್ಟು ಇಳಿಯಕೂಡದೆಂದು ಕಟ್ಟಪ್ಪಣೆ ಮಾಡಿದರು. ಅವ್ವ ಅವಳನ್ನು ನಡುಮನೆಯ ಕಿಟಕಿಯ ಪಕ್ಕ ಮಲಗಿಸಿದಳು.

“ಏನಾರ ಓದೇ,” ಎಂದು ಅಕ್ಕ ಮೊದಲ ದಿನವೇ ನನ್ನ ಕೈ ಹಿಡಿದುಕೊಂಡಳು. “ಸುಮ್ನೆ ಮಲಗಿದ್ರೆ ಹೋದ ಎರಡೂ ಕಣ್ಮುಂದೆ ಬರ್ತಾವೆ. ಇದೂ ಹಂಗೇ ಆದ್ರೆ ನಾನು ಉಳಿಯಲ್ಲ ಕಣೇ.”

ಅಂದಿನಿಂದ ನನ್ನ ಪಾಲಿಗೆ ಕಾದಂಬರಿಯೆಂಬುದು ಮದ್ದೂ ಆಯಿತು, ವಿಷವೂ ಆಯಿತು. ಯಾವ ಪುಸ್ತಕದಲ್ಲಿ ಯಾವ ಬಸುರಿ ಸಾಯುತ್ತಾಳೋ ಎಂಬ ಭಯದಲ್ಲಿ ನಾನು ಲೈಬ್ರರಿಯ ಬೀರುವಿನ ಮುಂದೆ ನಿಂತು ಒಂದೊಂದನ್ನೂ ಹಿಂದಿನಿಂದ ತೆರೆದು ಪರೀಕ್ಷಿಸತೊಡಗಿದೆ. ನಾಯಕಿ ಸತ್ತದ್ದು, ನಾಯಕಿಯ ಅಕ್ಕ ಸತ್ತದ್ದು, ಮಗು ಉಳಿದು ತಾಯಿ ಸತ್ತದ್ದು, ಎಲ್ಲವನ್ನೂ ಮರಳಿ ಬೀರುವಿಗೆ ತಳ್ಳಿದರೆ ಮನೆಗೆ ತರಲು ಉಳಿಯುತ್ತಿದ್ದುದು ಪತ್ತೇದಾರಿ ಮಾತ್ರ. ಲೈಬ್ರರಿಯವರು ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು: “ಏನಮ್ಮಾ, ಹಿಂದ್ಲಿಂದ ಓದಾಕೆ ಇವೇನು ಉರ್ದು ಪುಸ್ತಕ ಅಂದ್ಕಂಡಿಯಾ?” ನಾನು ಕೈಯಲ್ಲಿದ್ದುದನ್ನು ಬೀರುವಿಗೆ ತಳ್ಳಿ ಮುಂದಿನದನ್ನೂ ಹಿಂದಿನಿಂದಲೇ ತೆರೆದೆ. ಒಳಗೆ ನಡುಕ ಇಟ್ಟುಕೊಂಡವರಿಗೆ ಜಾಣ ಉತ್ತರ ಹೊಳೆಯುವುದಿಲ್ಲ.

ಇಷ್ಟೆಲ್ಲ ಕಾವಲು ಕಾದರೂ ಆಪತ್ತು ಬಂದದ್ದು ಬಾಳೆಹಣ್ಣಿನ ಜೊತೆಯಲ್ಲಿ. ಅಕ್ಕನನ್ನು ನೋಡಲು ಬಂದ ಭಾವ ಬಸ್‌ಸ್ಟ್ಯಾಂಡಿನಲ್ಲಿ ಹಣ್ಣು ಕೊಂಡವರು ಹೆಂಡತಿಗೆ ಬೇಸರ ಕಳೆಯಲೆಂದು ಒಂದು ವಾರಪತ್ರಿಕೆಯನ್ನೂ ತಂದರು. ಅದರಲ್ಲೊಂದು ಧಾರಾವಾಹಿ, ಅದರ ನಾಯಕಿ ನೀರಜಾ, ಮತ್ತು, ನನ್ನ ಹಣೆಬರಹವೇ, ನೀರಜಾ ಬಸುರಿ. ಪುಸ್ತಕವಾದರೆ ಕೊನೆಯ ಪುಟವೆಂಬುದು ಅದರ ಬೆನ್ನಿಗೇ ಇರುತ್ತದೆ. ಧಾರಾವಾಹಿಗೆ ಎಲ್ಲಿಯ ಕೊನೆಯ ಪುಟ? ಎಲ್ಲಿ ತೆರೆದರೂ ಬುಡದಲ್ಲಿ ಆ ಹಾಳು ‘ಮುಂದುವರಿಯುವುದು’. ಯಾವುದೋ ದೊಡ್ಡ ಊರಿನಲ್ಲಿ ಕೂತ ಆ ಲೇಖಕ ಪೆನ್ನು ಕೆಳಗಿಟ್ಟು ಕಾಫಿಗೆ ಎದ್ದರೆ ಇಲ್ಲಿ ನಮಗೆ ಒಂದು ವಾರ ಉಸಿರು ಕಟ್ಟುತ್ತಿತ್ತು. ತನ್ನ ಒಂದು ವಾಕ್ಯಕ್ಕಾಗಿ ಚನ್ನಗಿರಿಯ ಒಂದು ಮಂಚ ಕಿವಿಗೊಟ್ಟು ಮಲಗಿದೆಯೆಂದು ಅವನಿಗೆ ಯಾರು ಹೇಳಬೇಕು!

“ಆಕೆಗೂ ಏಳು ತುಂಬ್ತು, ನಂಗೂ ಏಳು,” ಎಂದು ಅಕ್ಕ ಲೆಕ್ಕ ಹಾಕತೊಡಗಿದಳು. ಅಡುಗೆಮನೆಯಿಂದ ಅವ್ವ ಕೂಗಿದಳು, “ಬಸುರಿ ಮುಂದೆ ಆ ಹಾಳು ಕಥೆ ಯಾಕೆ ಓದ್ತೀಯೇ? ಬಿಡ್ತು ಅನ್ರೀ ಇಬ್ರೂ!” ನಾವು ಬಿಡ್ತು ಅಂದೆವು, ಕಥೆ ನಮ್ಮನ್ನು ಬಿಡಲಿಲ್ಲ; ವಾರವಾರವೂ ಬಸ್‌ಸ್ಟ್ಯಾಂಡಿಗೆ ಹೋಗಿ ನಾನೇ ಪತ್ರಿಕೆ ತರತೊಡಗಿದೆ. ಬೇರೆ ಏನನ್ನೋ ಕಟ್ಟಿ ಓದೋಣವೆಂದರೆ ಅಕ್ಕನಿಗೆ ಅಕ್ಷರ ಬರುತ್ತಿತ್ತು, ನಾನು ಮುಗಿಸಿದ ಮೇಲೆ ಪತ್ರಿಕೆ ಇಸಿದುಕೊಂಡು ಬೆರಳಿಟ್ಟು ತಾನೂ ಒಮ್ಮೆ ನೋಡುತ್ತಿದ್ದಳು. ಒಂದು ವಾರದ ಕಂತಿನಲ್ಲಿ ನೀರಜೆಯ ಮನೆಯ ದೀಪ ತಾನಾಗಿ ಆರಿತು. ಕಾದಂಬರಿಯಲ್ಲಿ ದೀಪ ಆರಿದ ಮೇಲೆ ಬದುಕಿದವರನ್ನು ನಾನು ಕಂಡಿಲ್ಲ.

“ದೀಪ ಯಾಕೇ ಆರ್ತು?” ಅಕ್ಕನ ಮುಖ ಸಣ್ಣಗಾಗಿತ್ತು.

“ಕರೆಂಟ್ ಹೋಗಿರ್ಬೇಕು ಬಿಡಕ್ಕ. ನಮ್ಮೂರಾಗೆ ದಿನಾ ಹೋಗಲ್ವಾ?” ಎಂದೆ. ಅವಳು ನಗಲಿಲ್ಲ, ನನಗೂ ನಗು ಬರಲಿಲ್ಲ.

ಕಥೆ ಕೇವಲ ಕಥೆ ಎಂದು ಹೇಳುವವರು ಹಗಲು ಹೊತ್ತಿನಲ್ಲಿ, ಹೊಟ್ಟೆ ತುಂಬಿದ ಮೇಲೆ, ಆರಾಮ ಕುರ್ಚಿಯಲ್ಲಿ ಕೂತು ಹೇಳುತ್ತಾರೆ. ಜೀವ ಕೈಯಲ್ಲಿ ಹಿಡಿದವರಿಗೆ ಹಲ್ಲಿ ನುಡಿದರೂ ಅದು ತಮ್ಮ ಮಾತೇ. ಅಷ್ಟು ಕಾದಂಬರಿ ಅರೆದು ಕುಡಿದ ನಾನು, ಅವುಗಳ ಯಂತ್ರದ ಒಂದೊಂದು ಮೊಳೆಯನ್ನೂ ಬಲ್ಲೆನೆಂದು ಬೀಗುತ್ತಿದ್ದ ನಾನು, ಆ ದಿನಗಳಲ್ಲಿ ಅಕ್ಕನಿಗಿಂತ ಹೆಚ್ಚಾಗಿ ನಂಬಿದ್ದೆ: ನೀರಜಾ ಹೋದರೆ ಗಿರಿಜಕ್ಕನೂ ಹೋಗುತ್ತಾಳೆ. ಕೊನೆಗೆ ಆ ಕಂತು ಬಂದಿತು. ಗಂಡ ಪರದೇಶದಲ್ಲಿದ್ದಾನೆ, ಹೊರಗೆ ಬಿರುಗಾಳಿ, ಡ್ರೈವರು ನೀರಜೆಯನ್ನು ನರ್ಸಿಂಗ್ ಹೋಮಿಗೆ ಕರೆದೊಯ್ಯುತ್ತಾನೆ, ಬಾಗಿಲು ಮುಚ್ಚುತ್ತದೆ. ಮುಂದುವರಿಯುವುದು. ಅಕ್ಕ ಆ ವಾರವೆಲ್ಲ ಗೋಡೆಯ ಕಡೆ ತಿರುಗಿ ಮಲಗಿದಳು.

ಮುಂದಿನ ಸಂಚಿಕೆ ಬರಬೇಕಾದ ದಿನ ಬೆಳಿಗ್ಗೆಯೇ ಅಕ್ಕನಿಗೆ ನೋವು ಕಾಣಿಸಿಕೊಂಡಿತು. ಕುದುರೆಗಾಡಿಯಲ್ಲಿ ಆಸ್ಪತ್ರೆ ಮುಟ್ಟಿ, ಒಳಗೆ ಕರೆಯುವುದನ್ನೇ ಕಾಯುತ್ತ ಬೆಂಚಿನ ಮೇಲೆ ಕೂತಿದ್ದಾಗ ಅವಳು ನನ್ನ ಮೊಣಕೈ ಅದುಮಿದಳು. “ಬಸ್ ಬಂದಿರ್ತತೆ. ಹೋಗಿ ತಗಂಡು ಬಾ. ಆಕೆಗೆ ಏನಾತು ಅಂತ ತಿಳ್ಕಂಡೇ ನಾನು ಒಳಗೆ ಹೋಗೋದು.”

“ಹುಚ್ಚಿಡಿತೇನೇ ನಿಂಗೆ?” ಎಂದು ಅವ್ವ ಅಳುತ್ತಲೇ ಬೈದಳು. ನಾನು ಓಡಿದೆ. ಶಿವಮೊಗ್ಗದ ಬಸ್ಸಿನಿಂದ ಇಳಿದ ಕಟ್ಟನ್ನು ಬೀಡಾ ಅಂಗಡಿಯ ಏಜೆಂಟರು ಆಗ ತಾನೆ ಬಿಚ್ಚುತ್ತಿದ್ದರು. ಪತ್ರಿಕೆ ಕಸಿದುಕೊಂಡು ಪುಟ ಮಗುಚಿದೆ. ಧಾರಾವಾಹಿ ಇರಬೇಕಾದ ಜಾಗದಲ್ಲಿ ಒಂದು ಸಣ್ಣ ಚೌಕವಿತ್ತು: ಲೇಖಕರ ಅನಾರೋಗ್ಯದ ನಿಮಿತ್ತ ಈ ವಾರದ ಕಂತು ಪ್ರಕಟವಾಗಿಲ್ಲ, ಓದುಗರು ಸಹಕರಿಸಬೇಕು. ಅದನ್ನು ಓದಿ ನನಗೆ ಅಳಬೇಕೋ ಕೈಮುಗಿಯಬೇಕೋ ತಿಳಿಯಲಿಲ್ಲ.

ಅಕ್ಕ ಆ ಚೌಕವನ್ನು ಬೆರಳಿಟ್ಟು ಓದಿದಳು. ನೋವಿನ ನಡುವೆಯೇ ತುಟಿಯ ಮೂಲೆಯಲ್ಲಿ ಏನೋ ಅಲುಗಿತು. “ಹಂಗಾದ್ರೆ ಮೊದ್ಲು ನಂದೇ,” ಎಂದಳು. ನರ್ಸು ಕೈ ಹಿಡಿದು ಎಬ್ಬಿಸಿದಾಗ ಹಿಂದಕ್ಕೆ ತಿರುಗಿ ನನಗೆ ಹೇಳಿದಳು, “ನೀನು ಇಲ್ಲೇ ಕೂತಿರು. ಎಲ್ಲೂ ಹೋಗಬ್ಯಾಡ.”

ನಾನು ಎಲ್ಲೂ ಹೋಗಲಿಲ್ಲ. ಆ ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ಕೂತು ಅವಳ ಒಂದೊಂದು ನರಳಾಟವನ್ನೂ ಕೇಳಿದೆ. ದನಿ ಬಂದಾಗ ಹೆದರಿದೆ, ದನಿ ನಿಂತಾಗ ಇನ್ನೂ ಹೆದರಿದೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಾಗಿಲು ತೆರೆದು ಡಾಕ್ಟರು ಬಂದರು, ನನ್ನೆದುರು ನಿಂತರು, ಕನ್ನಡಕ ತೆಗೆದರು, ಸೆರಗಿನ ತುದಿಯಿಂದ ನಿಧಾನವಾಗಿ ಒರೆಸತೊಡಗಿದರು. ಕಿರುಚಿದೆನಂತೆ, ನನಗೆ ನೆನಪಿಲ್ಲ.

“ಯಾಕಮ್ಮ ಹಿಂಗೆ ಕಿರುಚ್ತೀಯಾ? ಬೆವರಿಗೆ ಗಾಜು ಮಂಜಾಗಿತ್ತು,” ಎಂದರು ಅವರು. “ಹೆಣ್ಣುಮಗು. ತಾಯಿನೂ ಚೆನ್ನಾಗಿದ್ದಾಳೆ. ಏಳು.”

ಮುಂದಿನ ಸಂಚಿಕೆ ಬಂದಾಗ ಅಕ್ಕ ಕಿವಿಗೆ ಬಟ್ಟೆ ಕಟ್ಟಿಕೊಂಡ ಬಾಣಂತಿ. ನೀರಜಾ ಸತ್ತಿದ್ದಳು. ಪತ್ರಿಕೆಯನ್ನು ಎಲ್ಲಿ ಅಡಗಿಸಲಿ ಎಂದು ನಾನು ಯೋಚಿಸುವುದರೊಳಗೆ ನನ್ನ ಮುಖವೇ ಎಲ್ಲ ಹೇಳಿಬಿಟ್ಟಿತ್ತು. “ಹೋದ್ಲಾ?” ಎಂದಳು ಅಕ್ಕ. “ಇರ್ಲಿ, ಓದು.” ಓದಿದೆ. ಸಾಲಿಗೊಮ್ಮೆ ತಲೆಯೆತ್ತಿ ಅಕ್ಕನನ್ನು ನೋಡುತ್ತಿದ್ದೆ. ಗೆದ್ದು ಬಂದ ಮೇಲೂ ಕೆಲವು ಭಯಗಳು ಮೈಯಿಂದ ಇಳಿಯುವುದಿಲ್ಲ. ಬಾಣಂತಿ ಅಳಬಾರದೆಂದು ಅವ್ವ ಗದರುತ್ತಿದ್ದರೂ ಅಕ್ಕನ ಕಣ್ಣು ಸುರಿಯುತ್ತಲೇ ಇತ್ತು.

“ಆಕೆ ಜೊತೆ ಆಸ್ಪತ್ರೆಯಾಗೆ ಯಾರಿದ್ರೇ?”

ನಾನು ಹಿಂದಿನ ಸಂಚಿಕೆಯನ್ನೂ ತೆಗೆದು ಹುಡುಕಿದೆ. ಡ್ರೈವರು ಕಾರು ತಿರುಗಿಸಿಕೊಂಡು ಹೋಗಿದ್ದ. “ಯಾರೂ ಇಲ್ಲಕ್ಕ.”

ಅಕ್ಕ ಮಗುವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

“ವೀಣೆ ಕೊಟ್ಟ, ಬಂಗ್ಲೆ ಕೊಟ್ಟ, ಕಾರು ಕೊಟ್ಟ. ಬಾಗ್ಲ ಹತ್ರ ಕೂರಾಕೆ ಆಕೆಗೊಬ್ಬ ತಂಗೀನ ಬರೀಬಾರದಿತ್ತೇನೇ ಆ ಮನುಷ್ಯ?”